ಬಸುರಿಯ ಮನಸ್ಸು ಬಿಚ್ಚಿಸಿದ ಪ್ರಶ್ನೆ

ಸ್ಕಾಟ್ಲೆಂಡಿನ ಪಶ್ಚಿಮ ಭಾಗದ ಒಂದು ಪ್ರಯೋಗಾಲಯದಲ್ಲಿ ಬಸುರಿಯರಿಂದ ತೆಗೆದ ರಕ್ತ ಒಂದಿಷ್ಟು ಉಳಿದಿತ್ತು. ಹೊಟ್ಟೆಯಲ್ಲಿರುವ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದೇ, ಬೆನ್ನುಹುರಿಯಲ್ಲಿ ದೋಷವಿರಬಹುದೇ ಎಂದು ನೋಡಲು ನಡುತಿಂಗಳುಗಳಲ್ಲಿ ಮಾಡುವ ಮಾಮೂಲಿ ಪರೀಕ್ಷೆಗೆಂದು ತೆಗೆದ ರಕ್ತ ಅದು. ಪರೀಕ್ಷೆ ಮುಗಿದ ಮೇಲೆ ಕೊಳವೆಯ ತಳದಲ್ಲಿ ಉಳಿಯುವ ಚೂರಿಗೆ ಯಾರೂ ಬೆಲೆ ಕೊಡುವುದಿಲ್ಲ. ಒಂದು ಸಂಶೋಧಕರ ತಂಡ ಕೊಟ್ಟಿತು. ಹೆಸರು, ವಿಳಾಸ ಎಲ್ಲ ತೆಗೆದುಹಾಕಿ, ಯಾವ ರಕ್ತ ಯಾರದು ಎಂದು ಯಾರಿಗೂ ತಿಳಿಯದ ಹಾಗೆ ಮಾಡಿ, 3,475 ಬಸುರಿಯರ ಆ ಉಳಿಕೆ ರಕ್ತದಲ್ಲಿ ಒಂದೇ ಒಂದು ವಿಷಯ ಹುಡುಕಿತು: ಇದರಲ್ಲಿ ತಂಬಾಕಿನ ಗುರುತು ಇದೆಯೇ?

ಇದೇ ಪ್ರಶ್ನೆಗೆ ಆ ಹೆಂಗಸರು ಆಗಲೇ ಬಾಯಿಮಾತಿನಲ್ಲಿ ಉತ್ತರ ಕೊಟ್ಟಿದ್ದರು. ಹೌದು, ಸಿಗರೇಟು ಸೇದುತ್ತೇನೆ ಎಂದವರು 839 ಮಂದಿ. ರಕ್ತ ಕೊಟ್ಟ ಲೆಕ್ಕ 1,046!

ನೂರಕ್ಕೆ ಇಪ್ಪತ್ತನಾಲ್ಕು ಎಂದು ಬಾಯಿ ಹೇಳಿತ್ತು, ಮೂವತ್ತು ಎಂದು ರಕ್ತ ಹೇಳಿತು. 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಈ ಅಧ್ಯಯನದ ಅಂದಾಜಿನಂತೆ ಇಡೀ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 2,400ಕ್ಕೂ ಹೆಚ್ಚು ಬಸುರಿಯರು ಸೇದುತ್ತಾ, ಯಾರ ಕಣ್ಣಿಗೂ ಬೀಳದೆ, ಯಾವ ಸಹಾಯವೂ ಸಿಗದೆ ಹೆರಿಗೆ ಕೋಣೆಗೆ ಹೋಗುತ್ತಿದ್ದರು. ಇಷ್ಟನ್ನೇ ಓದಿ ಪುಟ ಮುಚ್ಚಿದ್ದರೆ "ಅಯ್ಯೋ, ಎಂಥ ತಾಯಂದಿರು" ಎಂದುಕೊಂಡು ಸುಮ್ಮನಾಗುತ್ತಿದ್ದೆನೇನೋ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿತ್ತು. ಬಡವರ ಬಡಾವಣೆಗಳಲ್ಲಿ ನೂರಕ್ಕೆ 44 ಬಸುರಿಯರು ಸೇದುತ್ತಿದ್ದರು, ಸ್ಥಿತಿವಂತರ ಬಡಾವಣೆಗಳಲ್ಲಿ ನೂರಕ್ಕೆ 14. ಇದು ನಿರೀಕ್ಷೆಯಂತೆಯೇ ಇದೆ. ಹಾಗೆ ಸೇದುತ್ತಿದ್ದವರಲ್ಲಿ ಮುಚ್ಚಿಟ್ಟವರೆಷ್ಟು? ಬಡವರಲ್ಲಿ ಶೇ 22. ಸ್ಥಿತಿವಂತರಲ್ಲಿ ಶೇ 39!

ಓದಿದವರು, ಉಳ್ಳವರು, ಡಾಕ್ಟರ ಜತೆ ಸರಾಗವಾಗಿ ಮಾತಾಡಬಲ್ಲವರೇ ಹೆಚ್ಚು ಮುಚ್ಚಿಟ್ಟಿದ್ದರು! ನನಗೆ ಕಾಣುವ ಕಾರಣ ಇದು: ಅಕ್ಕಪಕ್ಕದವರೆಲ್ಲ ಸೇದುವ ಬೀದಿಯಲ್ಲಿ "ನಾನೂ ಸೇದುತ್ತೇನೆ" ಅನ್ನುವುದಕ್ಕೆ ಅಂಥ ಧೈರ್ಯವೇನೂ ಬೇಕಿಲ್ಲ. ಯಾರೂ ಸೇದದ ಬೀದಿಯಲ್ಲಿ ಅದೇ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ. ಹಾಗಾದರೆ ಪ್ರಾಮಾಣಿಕತೆ ಒಬ್ಬಳ ಎದೆಯೊಳಗೆ ಮಾತ್ರ ಇರುವ ಗುಣವಲ್ಲ. ಅವಳ ಬೀದಿ, ಅವಳ ಎದುರು ಕುಳಿತವರು, ಅವರ ದನಿ, ಅವರ ಹುಬ್ಬು — ಎಲ್ಲಕ್ಕೂ ಅದರಲ್ಲಿ ಪಾಲಿದೆ. ಈ ಒಂದು ಎಳೆ ಹಿಡಿದು ಹೊರಟವನಿಗೆ ಕಂಡದ್ದನ್ನೆಲ್ಲ ನಿಮ್ಮ ಮುಂದೆ ಇಡಬೇಕು ಅನ್ನಿಸುತ್ತಿದೆ.

ಮೊದಲು ರಕ್ತದ ಮಾತು. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಸೇರುತ್ತದೆ, ಅಷ್ಟೇ ಅವಸರದಲ್ಲಿ ಕರಗಿಯೂ ಹೋಗುತ್ತದೆ. ಎರಡು ಗಂಟೆಯಲ್ಲಿ ಅರ್ಧಕ್ಕರ್ಧ ಮಾಯ. ಅದನ್ನೇ ಹುಡುಕುತ್ತಾ ಹೋದರೆ ನಿನ್ನೆ ರಾತ್ರಿ ಸೇದಿದ್ದು ಇವತ್ತು ಮಧ್ಯಾಹ್ನ ಸಿಗುವುದೇ ಕಷ್ಟ. ಆದರೆ ಯಕೃತ್ತು ಆ ನಿಕೋಟಿನ್ನಿನ ಹೆಚ್ಚಿನ ಪಾಲನ್ನು ಕೊಟಿನಿನ್ ಎಂಬ ಇನ್ನೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಈ ಕೊಟಿನಿನ್‌ಗೆ ಅವಸರವಿಲ್ಲ. ಅದು ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಹದಿನಾರು ಗಂಟೆಗೂ ಹೆಚ್ಚು ಹೊತ್ತು ಬೇಕು. ರಕ್ತದಲ್ಲಿ, ಎಂಜಲಿನಲ್ಲಿ, ಮೂತ್ರದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಕೂದಲೊಳಗೂ ಸೇರಿಕೊಳ್ಳುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದಿಂದ ಅಳೆಯುತ್ತಾ ಹೋದರೆ ಹಿಂದಿನ ತಿಂಗಳುಗಳ ಸುದ್ದಿಯೂ ಸಿಗುತ್ತದೆ! ಹುಟ್ಟಿದ ಕೂಸು ಮೊದಲು ಮಾಡುವ ಕಪ್ಪಗಿನ ಅಂಟು ಮಲದಲ್ಲೂ ಅದು ಗರ್ಭದಲ್ಲಿದ್ದ ತಿಂಗಳುಗಳ ತಂಬಾಕಿನ ಗುರುತು ಕೂತಿರುತ್ತದೆ.

ಈಗ ಕೇಳಿ, ಇಡೀ ಹುಡುಕಾಟದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೀಲಿಯಾ ಡೆಂಪ್ಸಿ, ನೀಲ್ ಬೆನೊವಿಟ್ಜ್ ಮತ್ತು ಸಂಗಡಿಗರು ಸಿಗರೇಟು ಸೇದುವ ಕೆಲವು ಹೆಂಗಸರನ್ನು ಬಸಿರಿನಲ್ಲಿ ಒಮ್ಮೆ, ಹೆರಿಗೆಯಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹೆರಿಗೆಯ ನಂತರ ಕೊಟಿನಿನ್ ಅರ್ಧಕ್ಕಿಳಿಯಲು 16.6 ಗಂಟೆ ಬೇಕಾದರೆ, ಬಸಿರಿನಲ್ಲಿ ಅದೇ ಹೆಂಗಸರಿಗೆ ಸಾಕಾದದ್ದು 8.8 ಗಂಟೆ. ನಿಕೋಟಿನ್ ಕೂಡ ಬಸಿರಿನಲ್ಲಿ ಶೇ 60ರಷ್ಟು ಹೆಚ್ಚು ವೇಗದಲ್ಲಿ ದೇಹದಿಂದ ಖಾಲಿಯಾಗುತ್ತಿತ್ತು!

ಇದರ ಅರ್ಥ ಒಂದು ಗಳಿಗೆ ಯೋಚಿಸಿ ನೋಡಿ. ಊರೆಲ್ಲ "ಬಿಟ್ಟುಬಿಡಮ್ಮಾ" ಅನ್ನುತ್ತಿದೆ. ಅವಳ ಮನಸ್ಸೂ ಬಿಡಬೇಕು ಅನ್ನುತ್ತಿದೆ. ಆದರೆ ಒಳಗೆ ಯಕೃತ್ತು ಎಂದಿಗಿಂತ ಬಿರುಸಾಗಿ ನಿಕೋಟಿನ್ನನ್ನು ಹೊರದಬ್ಬುತ್ತಿದೆ. ಅದು ಬೇಗ ಇಳಿದಷ್ಟೂ ಚಟಕ್ಕೆ ಬಿದ್ದ ಮಿದುಳು ಬೇಗ ಬೇಗ ಕೇಳುತ್ತದೆ: ಇನ್ನೊಂದು, ಇನ್ನೊಂದು. ನಿಕೋಟಿನ್ ಪಟ್ಟಿ, ಚ್ಯೂಯಿಂಗ್ ಗಮ್‌ನಂಥ ಬದಲಿಗಳು ಬಸುರಿಯರಿಗೆ ಅಂದುಕೊಂಡಷ್ಟು ನೆರವಾಗದಿರುವುದಕ್ಕೂ ಇದು ಒಂದು ಕಾರಣವಿರಬಹುದೆಂದು ತಜ್ಞರು ಅನುಮಾನಪಡುತ್ತಾರೆ. ಬಿಡಲಾಗದವಳನ್ನು ಮನೋಬಲವಿಲ್ಲದವಳು ಎಂದು ಬೈಯುವವರು ಅವಳ ಯಕೃತ್ತಿನ ಈ ಓಟವನ್ನು ಕಂಡಿಲ್ಲ. ಅವಳಿಗೂ ಇದನ್ನು ಯಾರೂ ಹೇಳಿಲ್ಲ. ಉಳಿದವರೆಲ್ಲ ಬಿಟ್ಟರಲ್ಲ, ನನ್ನ ಕೈಲಿ ಯಾಕೆ ಆಗುತ್ತಿಲ್ಲ ಎಂದು ಅವಳು ತನ್ನನ್ನೇ ಹಳಿದುಕೊಳ್ಳುತ್ತಾಳೆ, ಹಳಿದುಕೊಂಡವಳು ಬಚ್ಚಿಡುತ್ತಾಳೆ.

ಉಸಿರಿನದು ಇನ್ನೊಂದು ಕತೆ. ಬ್ರಿಟನ್ನಿನಲ್ಲಿ ಬಸುರಿ ಮೊದಲ ಸಲ ತಪಾಸಣೆಗೆ ಬಂದಾಗ ದಾದಿ ಅವಳ ಕೈಗೆ ಒಂದು ಪುಟ್ಟ ಯಂತ್ರ ಕೊಡುತ್ತಾಳೆ. ಉಸಿರು ಬಿಗಿಹಿಡಿದು, ಆಮೇಲೆ ಮೆಲ್ಲಗೆ ಊದಬೇಕು. ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡಿನ ಅಂಕಿ ಪರದೆಯ ಮೇಲೆ ಮೂಡುತ್ತದೆ. ಹತ್ತು ಲಕ್ಷದಲ್ಲಿ ನಾಲ್ಕು ಭಾಗ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವಳನ್ನು ಸಿಗರೇಟು ಬಿಡಿಸುವ ವಿಭಾಗಕ್ಕೆ ಕಳಿಸಬೇಕೆಂದು ಅಲ್ಲಿನ ಈಗಿನ ಮಾರ್ಗಸೂಚಿ ಹೇಳುತ್ತದೆ. ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಅಂದರೆ ಮಗುವಿನ ಪಾಲಿನ ಆಮ್ಲಜನಕದ ಜಾಗದಲ್ಲಿ ತಾನು ಕೂರುತ್ತದೆ. ತಾಯಿಯ ರಕ್ತದಿಂದ ಅದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಮಗುವಿನ ರಕ್ತದಿಂದ ಇಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆದರೆ ಯಂತ್ರ ಹೇಳಿದ್ದೇ ವೇದವಾಕ್ಯವಲ್ಲ! ಅಂಕಿ ಹೆಚ್ಚು ಬಂದಿದೆ, ಹೆಂಗಸು ಸೇದುವುದೇ ಇಲ್ಲ ಅನ್ನುತ್ತಾಳೆ — ಇಂಥಾಗ ಅವಳು ನಿಜವನ್ನೇ ಹೇಳುತ್ತಿರಬಹುದು. ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ಕೆಟ್ಟು ಸದ್ದಿಲ್ಲದೆ ವಿಷ ಕಾರುತ್ತಿರಬಹುದು. ಮನೆಯಲ್ಲಿ ಬೇರೆ ಯಾರೋ ಸೇದುತ್ತಿರಬಹುದು. ಹಾಲು ಜೀರ್ಣವಾಗದ ಲ್ಯಾಕ್ಟೋಸ್ ತೊಂದರೆ ಇರುವವರ ಕರುಳಿನಲ್ಲಿ ಹುಟ್ಟುವ ಹೈಡ್ರೋಜನ್ ಕೂಡ ಈ ಯಂತ್ರವನ್ನು ದಾರಿ ತಪ್ಪಿಸಬಲ್ಲದು. ಅದಕ್ಕೇ ಅಲ್ಲಿನ ದಾದಿಯರಿಗೆ, ಅಂಕಿ ನೋಡಿದ ತಕ್ಷಣ ತೀರ್ಪು ಕೊಡಬೇಡಿ, ಮನೆಯ ಬಾಯ್ಲರಿನ ಬಗ್ಗೆಯೂ ವಿಚಾರಿಸಿ ಎಂದು ಹೇಳಿಕೊಡುತ್ತಾರೆ. ಪ್ರಾಮಾಣಿಕಳೊಬ್ಬಳನ್ನು ನಂಬಿದ್ದರಿಂದ ಒಂದು ಮನೆಯ ಎಲ್ಲರ ಜೀವ ಉಳಿಯುವ ಸಾಧ್ಯತೆ ಇಲ್ಲಿದೆ, ನೋಡಿ. ಸೌದೆ ಒಲೆಯ ಮುಂದೆ ಕೂತು ಊದುವ ನಮ್ಮ ಹಳ್ಳಿಯ ಬಸುರಿಗೆ ಈ ಯಂತ್ರ ಕೊಟ್ಟರೆ ಅವಳ ಉಸಿರಿನಲ್ಲೂ ಅಂಕಿ ಏರೀತು. ಅವಳು ಸಿಗರೇಟನ್ನು ಕಣ್ಣಿನಲ್ಲೂ ಕಂಡಿರಲಿಕ್ಕಿಲ್ಲ.

ಎಲ್ಲಕ್ಕಿಂತ ಆಳದ ದಾಖಲೆ ಮಗುವಿನಲ್ಲೇ ಇದೆ. ನಾರ್ವೆ ದೇಶದಲ್ಲಿ ತಾಯಂದಿರು ಮತ್ತು ಮಕ್ಕಳ ಒಂದು ಬೃಹತ್ ಅಧ್ಯಯನ ನಡೆಯುತ್ತಿದೆ. ಅದರಲ್ಲಿನ 1,062 ಕೂಸುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಅಮೆರಿಕದ ಬೊನೀ ಜೂಬರ್ಟ್, ಸ್ಟೆಫನಿ ಲಂಡನ್ ಮತ್ತು ಸಂಗಡಿಗರು ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ತಾಯಿ ಸೇದುತ್ತಿದ್ದಳೇ ಎಂಬುದನ್ನು ಅವರು ಬಾಯಿಮಾತಿಗೇ ಬಿಡಲಿಲ್ಲ, ಬಸಿರಿನಲ್ಲಿ ತೆಗೆದಿಟ್ಟಿದ್ದ ರಕ್ತದ ಕೊಟಿನಿನ್ ನೋಡಿದರು. ಹತ್ತು ಜೀನ್‌ಗಳಲ್ಲಿ 26 ಜಾಗಗಳಲ್ಲಿ ಮಗುವಿನ ಡಿಎನ್‌ಎ ಮೇಲೆ ತಂಬಾಕಿನ ಗುರುತು ಸಿಕ್ಕಿತು! ಡಿಎನ್‌ಎಯ ಅಕ್ಷರಗಳು ಬದಲಾಗಿರಲಿಲ್ಲ. ಅವುಗಳ ಮೇಲೆ ಕೂರುವ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಚುಕ್ಕೆಗಳು ಕೆಲವು ಕಡೆ ಅಳಿಸಿದ್ದವು, ಕೆಲವು ಕಡೆ ಹೆಚ್ಚಿದ್ದವು. ಎದ್ದು ಕಂಡ ಜೀನ್‌ನ ಹೆಸರು ಎಎಚ್‌ಆರ್‌ಆರ್. ಹೊಗೆಯಲ್ಲಿರುವಂಥ ವಿಷಗಳನ್ನು ಎದುರಿಸುವ ದೇಹದ ವ್ಯವಸ್ಥೆಯಲ್ಲಿ ಅದಕ್ಕೆ ಕೆಲಸ. ಒಮ್ಮೆಯೂ ಉಸಿರಾಡಿರದ ಜೀವ ಹೊಗೆಯ ವಿರುದ್ಧ ಆಗಲೇ ಸಜ್ಜಾಗುತ್ತಿತ್ತು!

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿರುವ ಇನ್ನೊಂದು ಅಧ್ಯಯನವಿದೆ. ಆ ಮಕ್ಕಳ ರಕ್ತವನ್ನು ಹುಟ್ಟಿದಾಗ, ಏಳರಲ್ಲಿ, ಹದಿನೇಳರಲ್ಲಿ ನೋಡಿದಾಗ ಕೆಲವು ಗುರುತುಗಳು ಮಾಸಿದ್ದವು, ಕೆಲವು ಹದಿನೇಳರಲ್ಲೂ ಹಾಗೇ ಇದ್ದವು.

ಇದನ್ನು ಓದಿ ಎದೆ ಝಲ್ಲೆಂದ ಯಾವ ತಾಯಿಯೂ ದಯವಿಟ್ಟು ಇಲ್ಲಿಗೇ ನಿಲ್ಲಬಾರದು. ಏಕೆಂದರೆ ನಾರ್ವೆಯ ಅದೇ ಕೂಸುಗಳ ಮೇಲೆ ಅದೇ ತಂಡ 2014ರಲ್ಲಿ ಇನ್ನೊಂದು ಪ್ರಶ್ನೆ ಹಾಕಿತು: ಈ ಗುರುತು ಯಾವ ಹೊಗೆಯದು? ಅಪ್ಪನದೇ, ಅಜ್ಜಿಯದೇ, ಬಸಿರಿನ ಮೊದಲ ವಾರಗಳದೇ? ಉತ್ತರ ಬಂತು. ಗುರುತು ಮೂಡಿಸುವುದು ಮುಖ್ಯವಾಗಿ ಹದಿನೆಂಟನೇ ವಾರದ ಆಚೆಗೂ ಮುಂದುವರಿದ ತಾಯಿಯ ಸೇದುವಿಕೆ. ಅದಕ್ಕೆ ಮೊದಲೇ ಬಿಟ್ಟವರ ಮಕ್ಕಳಲ್ಲಿ ಆ ಗುರುತು ಎದ್ದು ಕಾಣಲಿಲ್ಲ!

ಹದಿನೆಂಟನೇ ವಾರ. ಅಂದರೆ ನಾಲ್ಕು ತಿಂಗಳು ತುಂಬಿದ ಹೊತ್ತು. ಈ ಗಡುವನ್ನು ಹಿಂದೆ ಎಲ್ಲೋ ಓದಿದ್ದೇನಲ್ಲ ಅನ್ನಿಸಿ ಹಳೆಯ ಪುಟಗಳನ್ನು ತಿರುವಿದೆ. ಸಿಕ್ಕಿಯೇಬಿಟ್ಟಿತು! 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಹುಟ್ಟಿದ ಸುಮಾರು 17,000 ಮಕ್ಕಳ ಬಗ್ಗೆ ದೊಡ್ಡ ಸಮೀಕ್ಷೆ ನಡೆದಿತ್ತು. ಅದರ ಮಾಹಿತಿಯನ್ನು ಇಟ್ಟುಕೊಂಡು ನೆವಿಲ್ ಬಟ್ಲರ್, ಹಾರ್ವಿ ಗೋಲ್ಡ್‌ಸ್ಟೈನ್, ಯುವಾನ್ ರಾಸ್ 1972ರಲ್ಲಿ ಬರೆದ ಲೇಖನದ ಪ್ರಕಾರ, ಸೇದುವ ತಾಯಂದಿರ ಮಕ್ಕಳ ತೂಕ ಸರಾಸರಿ 170 ಗ್ರಾಂ ಕಡಿಮೆ. ಹುಟ್ಟುವ ಮೊದಲು ಅಥವಾ ಹುಟ್ಟಿದ ಮೊದಲ ವಾರದಲ್ಲೇ ಮಗು ತೀರಿಹೋಗುವ ಸಂಭವ ಶೇ 28ರಷ್ಟು ಹೆಚ್ಚು. ಆದರೆ ನಾಲ್ಕನೇ ತಿಂಗಳು ಮುಗಿಯುವುದರೊಳಗೆ ಬಿಟ್ಟವರು ಸೇದದವರ ಸಾಲಿಗೇ ಬಂದು ನಿಂತಿದ್ದರು! ಡಿಎನ್‌ಎ ಓದುವ ಯಂತ್ರ ಯಾರ ಕನಸಿನಲ್ಲೂ ಇರದ ಕಾಲದಲ್ಲಿ, ಕೂಸುಗಳನ್ನು ತಕ್ಕಡಿಯಲ್ಲಿಟ್ಟು ತೂಗಿ, ತಾಯಂದಿರನ್ನು ಕೇಳಿ ಬರೆದುಕೊಂಡ ಲೆಕ್ಕವೂ, ನಾಲ್ಕು ದಶಕ ಕಳೆದ ಮೇಲೆ ಹೊಕ್ಕುಳಬಳ್ಳಿಯ ರಕ್ತ ಕೊಟ್ಟ ಲೆಕ್ಕವೂ ಒಂದೇ ಹೊಸ್ತಿಲಿನಲ್ಲಿ ಸೇರಿದ್ದವು. ಎರಡೂ ಅಧ್ಯಯನಗಳು ಅಳೆದದ್ದು ಬೇರೆ ಬೇರೆ, ನಿಜ. ಒಂದು ತೂಕ ಮತ್ತು ಸಾವನ್ನು ಅಳೆಯಿತು, ಇನ್ನೊಂದು ಡಿಎನ್‌ಎ ಚುಕ್ಕೆಗಳನ್ನು. ಆದರೂ ಎರಡೂ ತಾಯಿಗೆ ಹೇಳುವ ಮಾತು ಒಂದೇ: ಇನ್ನೂ ಹೊತ್ತಿದೆ.

ತಡವಾಗಿ ಬಿಟ್ಟರೆ ಫಲವಿಲ್ಲ ಎಂದು ಇದರ ಅರ್ಥವಲ್ಲ. ಬಸಿರಿನ ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವೇ. ಆದರೆ ಬೇಗ ಬಿಡಬೇಕಾದರೆ ಬೇಗ ಸಹಾಯ ಸಿಗಬೇಕು, ಬೇಗ ಸಹಾಯ ಸಿಗಬೇಕಾದರೆ ಮೊದಲ ತಪಾಸಣೆಯಲ್ಲೇ ಅವಳು ಬಾಯಿಬಿಟ್ಟು ಹೇಳಬೇಕು. ಸತ್ಯಕ್ಕೂ ಒಂದು ಗಡುವಿದೆ ಎಂದು ಅರಿವಾದದ್ದು ಇಲ್ಲೇ.

ಆ 1958ರ ಲೆಕ್ಕ ಬಂದದ್ದು ಎಲ್ಲಿಂದ? ತಾಯಂದಿರ ಬಾಯಿಂದ. ಅದಕ್ಕೂ ಒಂದು ವರ್ಷ ಮೊದಲು, 1957ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಪ್ರಾಂತದ ವೈದ್ಯೆ ವಿನಿಯಾ ಸಿಂಪ್ಸನ್ ಏಳು ಸಾವಿರಕ್ಕೂ ಹೆಚ್ಚು ಬಾಣಂತಿಯರ ಮಾಹಿತಿ ಕೂಡಿಸಿ, ಸೇದುವವರಲ್ಲಿ ಅವಧಿಗೆ ಮುನ್ನದ ಹೆರಿಗೆ ಸುಮಾರು ಎರಡರಷ್ಟಿದೆ ಎಂದು ಬರೆದಿದ್ದರು. ಆ ಮಾಹಿತಿಯೂ ತಾಯಂದಿರ ಬಾಯಿಂದಲೇ ಬಂದದ್ದು. ಇನ್ನೂ ಹಿಂದೆ, 1935ರಲ್ಲಿ, ಓಹಾಯೋದ ಲೆಸ್ಟರ್ ಸೊಂಟಾಗ್ ಮತ್ತು ರಾಬರ್ಟ್ ವ್ಯಾಲೇಸ್ ಬಸುರಿಯರು ಸಿಗರೇಟು ಸೇದುವಾಗ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಬದಲಾಗುವುದನ್ನು ಕೇಳಿಸಿಕೊಂಡಿದ್ದರು. ಆ ಹೆಂಗಸರು ಸೇದಿದ್ದು ವೈದ್ಯರ ಕಣ್ಣೆದುರೇ! ಆಗ ಅದರಲ್ಲಿ ನಾಚಿಕೆಯಿರಲಿಲ್ಲ. ಕೇಳಿದರೆ ಹೇಳುತ್ತಿದ್ದರು, ದಿನಕ್ಕೆ ಎಷ್ಟು ಎಂದರೆ ಇಷ್ಟು ಎನ್ನುತ್ತಿದ್ದರು. ಸಿಗರೇಟು ಗರ್ಭಕ್ಕೆ ಹಾನಿ ಎಂಬ ಜ್ಞಾನ ಮೊದಲು ನಿಂತದ್ದು ಆ ತಾಯಂದಿರ ಮುಚ್ಚುಮರೆಯಿಲ್ಲದ ಉತ್ತರಗಳ ಮೇಲೆ. ಅವರು ಕೊಟ್ಟ ಸತ್ಯದಿಂದ ಎಚ್ಚರಿಕೆ ಹುಟ್ಟಿತು. ಎಚ್ಚರಿಕೆಯ ಜತೆಗೆ ನಾಚಿಕೆಯೂ ಹುಟ್ಟಿತು. ಆ ನಾಚಿಕೆ ಅವರ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿತು.

ಬಚ್ಚಿಟ್ಟವರು ಹೆಂಗಸರು ಮಾತ್ರ ಎಂದುಕೊಳ್ಳುವುದೂ ಅನ್ಯಾಯ. 1971ರ ಜನವರಿಯಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥ ಜೋಸೆಫ್ ಕಲ್‌ಮನ್ ಅವರನ್ನು, ಸೇದುವ ತಾಯಂದಿರ ಮಕ್ಕಳು ಚಿಕ್ಕದಾಗಿ ಹುಟ್ಟುತ್ತವಲ್ಲ ಎಂದು ಕೇಳಿದಾಗ, ಚಿಕ್ಕ ಮಗುವನ್ನೇ ಬಯಸುವ ಹೆಂಗಸರೂ ಇದ್ದಾರೆ ಎಂಬರ್ಥದ ಮಾತನ್ನು ಅವರು ಆಡಿದರು. ಬಸುರಿಯರಿಗೆ ನೇರವಾಗಿ ಹೇಳುವ ಎಚ್ಚರಿಕೆ ಅಮೆರಿಕದ ಸಿಗರೇಟ್ ಪೊಟ್ಟಣಗಳ ಮೇಲೆ ಬಂದದ್ದು 1984ರ ಕಾಯಿದೆಯ ನಂತರ. ಸಿಂಪ್ಸನ್ ಬರೆದು ಇಪ್ಪತ್ತೇಳು ವರ್ಷ ಆಗಿತ್ತು.

ಹಾಗಾದರೆ ಮುಚ್ಚಿದ ಬಾಯನ್ನು ತೆರೆಸುವುದು ಹೇಗೆ? ಒಂದು ದಾರಿ ಹೆದರಿಕೆಯದು. 1970ರ ದಶಕದಲ್ಲಿ ಹ್ಯೂಸ್ಟನ್‌ನ ಮನಶ್ಶಾಸ್ತ್ರಜ್ಞ ರಿಚರ್ಡ್ ಇವಾನ್ಸ್ ಮತ್ತು ಸಂಗಡಿಗರು ಶಾಲೆಯ ಮಕ್ಕಳಿಗೆ, ನಿಮ್ಮ ಎಂಜಲು ನೋಡಿದರೆ ಸೇದಿದ್ದು ಗೊತ್ತಾಗುತ್ತದೆ ಎಂದು ಚಲನಚಿತ್ರ ತೋರಿಸಿ, ಆಮೇಲೆ ಪ್ರಶ್ನೆ ಕೇಳಿದರು. ಸೇದುತ್ತೇನೆ ಎಂದು ಒಪ್ಪಿಕೊಂಡವರು ಹೆಚ್ಚಾದರು. ಪರೀಕ್ಷೆ ಬರಲಿದೆ ಎಂಬ ನಂಬಿಕೆಯೊಂದೇ ಸಾಕಾಗಿತ್ತು. ಆದರೆ ಬಸುರಿಯನ್ನು ಹಾಗೆ ಹೆದರಿಸಿದರೆ ಅವಳು ಮುಂದಿನ ತಪಾಸಣೆಗೆ ಬರದೇ ಹೋದಾಳು. ಅದಕ್ಕಿಂತ ದೊಡ್ಡ ನಷ್ಟ ಮತ್ತೊಂದಿಲ್ಲ.

ಇನ್ನೊಂದು ದಾರಿ ಕಂಡವರು ಟೆಕ್ಸಾಸ್‌ನ ಸಾರ್ವಜನಿಕ ಆರೋಗ್ಯ ವಿದ್ವಾಂಸೆ ಪೆಟ್ರೀಷಿಯಾ ಡೋಲನ್ ಮಲ್ಲೆನ್ ಮತ್ತು ಸಂಗಡಿಗರು. 1991ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹೊಸ ಯಂತ್ರವಿಲ್ಲ, ಸೂಜಿಯಿಲ್ಲ, ಖರ್ಚಿಲ್ಲ. ಅವರು ಪ್ರಶ್ನೆಯನ್ನು ಬದಲಾಯಿಸಿದರು, ಅಷ್ಟೆ!

"ನೀವು ಸಿಗರೇಟು ಸೇದುತ್ತೀರಾ?" ಎಂದರೆ ಹೌದು ಅಥವಾ ಇಲ್ಲ, ಎರಡೇ ಬಾಗಿಲು. ಹೌದು ಎಂದವಳು ಕೆಟ್ಟ ತಾಯಿ, ಇಲ್ಲ ಎಂದವಳು ಒಳ್ಳೆಯ ತಾಯಿ. ಹದಿನೈದರಿಂದ ಮೂರಕ್ಕೆ ಇಳಿಸಿ, ಆ ಮೂರನ್ನೂ ಬಿಡಲು ದಿನವೂ ಒದ್ದಾಡುತ್ತಿರುವವಳು ಯಾವ ಬಾಗಿಲಿಗೆ ಹೋಗಬೇಕು? ಅವಳಿಗೆ ಅಲ್ಲಿ ಜಾಗವೇ ಇಲ್ಲ. ಹೊಸ ಪ್ರಶ್ನೆಯಲ್ಲಿ ಆಯ್ದುಕೊಳ್ಳಲು ಹಲವು ಉತ್ತರಗಳಿದ್ದವು. ಮುಂದೆ ಅಮೆರಿಕದ ಹೆರಿಗೆ ವೈದ್ಯರಲ್ಲಿ ಬಳಕೆಗೆ ಬಂದ ರೂಪದಲ್ಲಿ ಅವು ಐದು. ನಾನು ಯಾವತ್ತೂ ಸೇದಿದವಳಲ್ಲ, ಅಥವಾ ಜೀವಮಾನದಲ್ಲಿ ನೂರು ಸಿಗರೇಟನ್ನೂ ಸೇದಿಲ್ಲ. ಬಸುರಿಯೆಂದು ಗೊತ್ತಾಗುವ ಮೊದಲೇ ಬಿಟ್ಟೆ. ಗೊತ್ತಾದ ಮೇಲೆ ಬಿಟ್ಟೆ. ಈಗಲೂ ಸೇದುತ್ತೇನೆ, ಆದರೆ ಗೊತ್ತಾದ ಮೇಲೆ ಕಡಿಮೆ ಮಾಡಿದ್ದೇನೆ. ಮೊದಲಿನಷ್ಟೇ ಸೇದುತ್ತಿದ್ದೇನೆ.

ನಾಲ್ಕನೇ ಉತ್ತರವನ್ನು ಇನ್ನೊಮ್ಮೆ ಓದಿ. ಅದರಲ್ಲಿ ತಪ್ಪೊಪ್ಪಿಗೆಯೂ ಇದೆ, ಅವಳು ಪಟ್ಟ ಪ್ರಯತ್ನಕ್ಕೆ ಮರ್ಯಾದೆಯೂ ಇದೆ. "ಕಡಿಮೆ ಮಾಡಿದ್ದೇನೆ" ಎಂದು ಹೇಳಿಕೊಳ್ಳಲು ಅವಕಾಶ ಸಿಕ್ಕಾಗ "ಸೇದುತ್ತೇನೆ" ಎಂಬ ಮಾತೂ ಅದರ ಜತೆಗೇ ಹೊರಬರುತ್ತದೆ. ಹೀಗೆ ಕೇಳಿದಾಗ ನಿಜ ಹೇಳಿದವರು ಶೇ 40ರಷ್ಟು ಹೆಚ್ಚಾದರು! ಅಂಥದೇ ಹೆಂಗಸರು, ಅಂಥದೇ ಆಸ್ಪತ್ರೆ, ಅದೇ ಚಟ. ಬದಲಾದದ್ದು ಕಾಗದದ ಮೇಲಿನ ಒಂದು ಪ್ರಶ್ನೆ. ನಾವು ಸುಳ್ಳು ಎಂದು ಕರೆದದ್ದರಲ್ಲಿ ಎಷ್ಟು ಪಾಲು ಹೆಂಗಸಿನದಾಗಿತ್ತು, ಎಷ್ಟು ಪಾಲು ನಮ್ಮ ಪ್ರಶ್ನೆಯದಾಗಿತ್ತು? ರಕ್ತ, ಉಸಿರು, ಡಿಎನ್‌ಎ ಎಲ್ಲ ನೋಡಿ ಬಂದ ನನಗೆ ಇದಕ್ಕಿಂತ ದೊಡ್ಡ ಶೋಧ ಕಾಣಲಿಲ್ಲ.

ಹೇಳಿದ ಮೇಲೆ ಏನು ಎಂಬುದೂ ಮುಖ್ಯವೇ. ಹೇಳಿದವಳಿಗೆ ಬೈಗುಳವೇ ಸಿಕ್ಕರೆ ಮುಂದಿನ ಸಲ ಅವಳು ಬಾಯಿ ಬಿಡುವುದಿಲ್ಲ. ಗ್ಲಾಸ್ಗೋ ನಗರದಲ್ಲಿ ಡೇವಿಡ್ ಟ್ಯಾಪಿನ್ ಮತ್ತು ಸಂಗಡಿಗರು 612 ಬಸುರಿಯರ ಜತೆ ಮಾಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮಾಮೂಲಿ ಸಲಹೆ, ಸಹಾಯ. ಅರ್ಧ ಮಂದಿಗೆ ಅದರ ಜತೆಗೆ, ಬಿಟ್ಟರೆ ಒಟ್ಟು 400 ಪೌಂಡ್‌ವರೆಗೆ ಅಂಗಡಿಯ ಕೂಪನ್. ಬಸಿರಿನ ಕೊನೆಯ ಹೊತ್ತಿಗೆ ಬಿಟ್ಟವರು ಕೂಪನ್ ಗುಂಪಿನಲ್ಲಿ ಶೇ 22.5, ಇನ್ನೊಂದರಲ್ಲಿ ಶೇ 8.6. ಇದನ್ನೂ ಕೊಟಿನಿನ್ ನೋಡಿಯೇ ಖಚಿತಪಡಿಸಿಕೊಂಡರು. ಲಂಚ ಕೊಟ್ಟು ಬಿಡಿಸುವುದೇ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಡಾವಣೆ, ಗಂಡ, ಯಕೃತ್ತು ಎಲ್ಲವೂ ಎದುರಿಗೆ ನಿಂತಿರುವಾಗ ಯಾರಾದರೂ ಒಬ್ಬರು ಅವಳ ಪಕ್ಕದಲ್ಲಿ ನಿಂತರೆ ಅದು ಲಂಚವಲ್ಲ. ಇಂಗ್ಲೆಂಡಿನಲ್ಲಿ ಹೆರಿಗೆಯ ಹೊತ್ತಿಗೆ ಸೇದುತ್ತಿದ್ದವರ ಪ್ರಮಾಣ 2010–11ರಲ್ಲಿ ಶೇ 13.5 ಇದ್ದದ್ದು 2023–24ಕ್ಕೆ ಶೇ 7.4ಕ್ಕೆ ಇಳಿದಿದೆ.

ಇದೆಲ್ಲ ಅಲ್ಲಿಯ ಮಾತಾಯಿತು, ನಮಗೇನು ಎನ್ನಬೇಡಿ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸೇದುವ ಹೆಂಗಸರು ನೂರಕ್ಕೆ ಇಬ್ಬರು ಮಾತ್ರ. ಜಗಿಯುವ, ಹಲ್ಲಿಗೆ ಉಜ್ಜುವ, ಮೂಗಿಗೆ ಏರಿಸುವ ತಂಬಾಕು ಬಳಸುವ ಹೆಂಗಸರು ನೂರಕ್ಕೆ ಸುಮಾರು ಹದಿಮೂರು! ಕರ್ನಾಟಕದಲ್ಲಿ ಎಲೆಅಡಿಕೆಯ ಜತೆ ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ ನಮ್ಮ ಅಜ್ಜಿಯರ ಕಾಲದಿಂದ ಬಂದ ರೂಢಿ. ತಪಾಸಣೆಗೆ ಬಂದ ಬಸುರಿಯನ್ನು "ಸಿಗರೇಟು, ಬೀಡಿ ಅಭ್ಯಾಸ ಇದೆಯೇನಮ್ಮಾ?" ಎಂದು ಕೇಳಿದರೆ ಅವಳು "ಇಲ್ಲ ಮೇಡಂ" ಅನ್ನುತ್ತಾಳೆ. ಅವಳು ಹೇಳಿದ್ದು ನಿಜ. ಆದರೂ ಅವಳ ಸೊಂಟದ ಚೀಲದಲ್ಲಿ ಹೊಗೆಸೊಪ್ಪು ಇರಬಹುದು.

ಜಗಿಯುವ ತಂಬಾಕು ಗರ್ಭಕ್ಕೆ ಏನೂ ಮಾಡದು ಎಂಬ ನಂಬಿಕೆಯನ್ನು ಮುಂಬಯಿಯ ಒಂದು ಅಧ್ಯಯನ 2004ರಲ್ಲೇ ಅಲುಗಾಡಿಸಿತು. ಪ್ರಕಾಶ್ ಗುಪ್ತ ಮತ್ತು ಶ್ರೀವಿದ್ಯಾ 1,217 ಬಸುರಿಯರನ್ನು ಹೆರಿಗೆಯವರೆಗೂ ಹಿಂಬಾಲಿಸಿದರು. ತಂಬಾಕು ಬಳಸುತ್ತಿದ್ದವರಲ್ಲಿ ಹೆಚ್ಚಿನವರದು ಹಲ್ಲುಜ್ಜುವ ಮಿಶ್ರಿ. ಹೊಗೆಯಿಲ್ಲ, ಬೆಂಕಿಯಿಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ. ಆದರೂ ಅವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಬಂತು, ಹೆರಿಗೆ ಸರಾಸರಿ ಆರು ದಿನ ಮುಂಚೆ ಆಯಿತು! ಉಸಿರು ಅಳೆಯುವ ಯಂತ್ರ ಇವರನ್ನು ಎಂದೂ ಹಿಡಿಯಲಾರದು. ಇಲ್ಲಿ ನಮಗಿರುವ ಸುಲಭದ ದಾರಿ ಕೇಳುವುದೊಂದೇ.

ಕೇಳುವುದು ಯಾರ ಮುಂದೆ ಎಂಬುದನ್ನೂ ನೋಡಬೇಕು. ನಮ್ಮಲ್ಲಿ ಬಸುರಿ ಒಬ್ಬಳೇ ಆಸ್ಪತ್ರೆಗೆ ಬರುವುದು ಅಪರೂಪ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ, ಬಾಗಿಲಲ್ಲಿ ಗಂಡ ನಿಂತಿರುತ್ತಾನೆ. ಬೆಂಗಳೂರಿನ ಕಚೇರಿಯೊಂದರಲ್ಲಿ ದುಡಿಯುತ್ತಾ ಸಿಗರೇಟು ಅಭ್ಯಾಸ ಮಾಡಿಕೊಂಡ ಹುಡುಗಿ ಅತ್ತೆಯ ಮುಂದೆ ಐದರಲ್ಲಿ ನಾಲ್ಕನೇ ಉತ್ತರವನ್ನು ಹೇಗೆ ತಾನೇ ಕೊಟ್ಟಾಳು? ಬಾಗಿಲು ಹಾಕಿ ಎರಡು ನಿಮಿಷ ಅವಳೊಬ್ಬಳ ಜತೆ ಮಾತಾಡಿದರೆ ಹೇಳುವಳೇನೋ. ಹೊಗೆಸೊಪ್ಪಿನ ವಿಷಯದಲ್ಲಿ ಇದೇ ತಿರುಗುಮುರುಗು. ಅತ್ತೆಯೂ ಹಾಕುತ್ತಿದ್ದರೆ ಇಬ್ಬರನ್ನೂ ಕೂರಿಸಿಕೊಂಡು ಕೇಳುವುದೇ ಮೇಲು.

ಆದ್ದರಿಂದ ಆಶಾ ಕಾರ್ಯಕರ್ತೆಯರಲ್ಲಿ, ದಾದಿಯರಲ್ಲಿ, ಹೆರಿಗೆ ವೈದ್ಯರಲ್ಲಿ ನನ್ನದೊಂದು ಬಿನ್ನಹ. ತಾಯಿ ಕಾರ್ಡ್ ತುಂಬುವಾಗ "ತಂಬಾಕು ಉಂಟಾ, ಇಲ್ವಾ?" ಎಂದು ಕೇಳಿ ಮುಂದಕ್ಕೆ ಹೋಗಬೇಡಿ. ಐದೂ ಉತ್ತರಗಳನ್ನು ಅವಳ ಮುಂದಿಡಿ, ಸಿಗರೇಟಿನ ಜತೆ ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ, ಗುಟ್ಕಾಗಳ ಹೆಸರನ್ನೂ ಹೇಳಿ ಕೇಳಿ, ಮತ್ತು ಅವಳು ಏನು ಹೇಳಿದರೂ ಹುಬ್ಬು ಏರಿಸಬೇಡಿ. ಈ ಪುಟವನ್ನು ಒಬ್ಬಳೇ ಕೂತು ಓದುತ್ತಿರುವ ತಂಗೀ, ನಿನಗೆ ಡಾಕ್ಟರ ಮುಂದೆ ಇನ್ನೂ ಧೈರ್ಯ ಬಂದಿಲ್ಲವಾದರೆ ತಂಬಾಕಿನ ಪೊಟ್ಟಣದ ಮೇಲೆಯೇ ಒಂದು ಸಂಖ್ಯೆ ಅಚ್ಚಾಗಿರುತ್ತದೆ: 1800-11-2356. ಚಟ ಬಿಡಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ ಅದು, ಕರೆಗೆ ದುಡ್ಡಿಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ. ಎಷ್ಟನೇ ತಿಂಗಳಾದರೂ ಸರಿ, ಇವತ್ತೇ ಕರೆ ಮಾಡು.